ಗೇಮಿಂಗ್ ರೂಟರ್: ಮನೆಯ ವೈಫೈಯಲ್ಲಿ ಆಟ ತಡವರಿಸದಂತೆ ನೋಡಿಕೊಳ್ಳುವ ಕ್ರಮ

ವೈರ್‌ಲೆಸ್ ಗೇಮಿಂಗ್ ರೂಟರ್ ಕೊಂಡವರ ಅನುಭವ ಸಾಮಾನ್ಯವಾಗಿ ಎರಡು ತುದಿಗಳಲ್ಲಿ ನಿಲ್ಲುತ್ತದೆ. ಸಂಜೆಯಾದರೆ ಸಾಕು, ಆಟದ ನಡುವೆ ಪಾತ್ರ ಇದ್ದಲ್ಲಿಂದ ಮಾಯವಾಗಿ ಇನ್ನೆಲ್ಲೋ ಪ್ರತ್ಯಕ್ಷವಾಗುತ್ತಿದ್ದ ತೊಂದರೆ ಹೊಸ ರೂಟರ್ ಹಾಕಿದ ದಿನವೇ ನಿಂತಿತು ಎನ್ನುವವರು ಕೆಲವರು. ಅಷ್ಟೊಂದು ಹಣ ಕೊಟ್ಟರೂ ಪಿಂಗ್ (ಸರ್ವರ್‌ಗೆ ಡೇಟಾ ಹೋಗಿಬರಲು ಹಿಡಿಯುವ ಹೊತ್ತು, ಮಿಲಿಸೆಕೆಂಡುಗಳಲ್ಲಿ) ಸ್ವಲ್ಪವೂ ಇಳಿಯಲಿಲ್ಲ ಎನ್ನುವವರು ಇನ್ನು ಕೆಲವರು. ಇಬ್ಬರು ಹೇಳುವುದೂ ನಿಜ. ಮೊದಲನೆಯವರಿಗೆ ವಿಳಂಬ ಹುಟ್ಟುತ್ತಿದ್ದುದು ಮನೆಯೊಳಗೆ, ಎರಡನೆಯವರಿಗೆ ಮನೆಯಾಚೆ. ರೂಟರ್‌ನ ಕೈ ತಲುಪುವುದು ಎರಡೇ ಕಡೆಗೆ: ಮನೆಯೊಳಗಿನ ವೈಫೈ ತರಂಗಗಳಿಗೆ, ಮತ್ತು ಇಂಟರ್‌ನೆಟ್ ಲೈನಿಗೆ ಹತ್ತುವ ಮುನ್ನ ಡೇಟಾ ನಿಲ್ಲುವ ಸರತಿಗೆ. ಆದ್ದರಿಂದ ರೂಟರ್ ಕೊಳ್ಳುವ ಮುನ್ನವಾಗಲಿ, ಕೊಂಡ ರೂಟರ್‌ನ ಸೆಟ್ಟಿಂಗ್‌ಗಳನ್ನು ಮುಟ್ಟುವ ಮುನ್ನವಾಗಲಿ, ವಿಳಂಬ ಎಲ್ಲಿ ಸೇರಿಕೊಳ್ಳುತ್ತಿದೆ ಎಂಬುದನ್ನು ಅಳೆದು ತಿಳಿದುಕೊಳ್ಳುವುದು ಅಗತ್ಯ.

ಮನೆಯಾಚೆಯ ಪಾಲನ್ನು ಲೆಕ್ಕ ಹಾಕುವುದು ಕಷ್ಟವೇನಲ್ಲ. ಆಪ್ಟಿಕಲ್ ಫೈಬರ್‌ನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಸಾಗುವುದರಿಂದ, 3,000 ಕಿಲೋಮೀಟರ್ ದೂರದಲ್ಲಿರುವ ಸರ್ವರ್‌ಗೆ ಹೋಗಿಬರಲು ಕನಿಷ್ಠ 30 ಮಿಲಿಸೆಕೆಂಡು ಬೇಕೇ ಬೇಕು. ಕೇಬಲ್ ನೇರ ಗೆರೆಯಲ್ಲಿ ಹಾದುಹೋಗದ ಕಾರಣ ಪರದೆಯ ಮೇಲೆ ಕಾಣುವ ಪಿಂಗ್ ಅದಕ್ಕಿಂತ ಹೆಚ್ಚೇ ಇರುತ್ತದೆ. ಎಷ್ಟು ದುಬಾರಿಯಾದ ರೂಟರೂ ಈ ದೂರವನ್ನು ಕುಗ್ಗಿಸಲಾರದು. ಆಟದಲ್ಲಿ ಸರ್ವರ್ ಪ್ರದೇಶವನ್ನು ಆರಿಸಿಕೊಳ್ಳುವ ಅವಕಾಶವಿದ್ದರೆ ಹತ್ತಿರದ್ದನ್ನು ಆರಿಸುವುದೊಂದೇ ಅದಕ್ಕಿರುವ ದಾರಿ. ಹಾಗೆಯೇ, ಇಂಟರ್‌ನೆಟ್ ಪ್ಲಾನನ್ನು 100 ಎಂಬಿಪಿಎಸ್‌ನಿಂದ 500ಕ್ಕೆ ಏರಿಸಿದ ಮಾತ್ರಕ್ಕೆ ಆಟ ಸರಾಗವಾಗುವುದಿಲ್ಲ, ಏಕೆಂದರೆ ಬಹುತೇಕ ಆನ್‌ಲೈನ್ ಆಟಗಳು ಆಡುವ ಹೊತ್ತಿನಲ್ಲಿ 1 ಎಂಬಿಪಿಎಸ್‌ನಷ್ಟನ್ನೂ ಬಳಸುವುದಿಲ್ಲ. ಅವಕ್ಕೆ ಬೇಕಾದುದು ಪ್ಯಾಕೆಟ್‌ಗಳೆಂಬ ಚಿಕ್ಕ ಚಿಕ್ಕ ಡೇಟಾ ತುಣುಕುಗಳು ಹೊತ್ತಿಗೆ ಸರಿಯಾಗಿ ತಲುಪುವುದು. ವ್ಯಾಲೊರಂಟ್ ಆಟದ ಸರ್ವರ್ ಸೆಕೆಂಡಿಗೆ 128 ಬಾರಿ, ಅಂದರೆ ಸುಮಾರು 8 ಮಿಲಿಸೆಕೆಂಡಿಗೊಮ್ಮೆ, ಆಟದ ಸ್ಥಿತಿಯನ್ನು ಲೆಕ್ಕ ಹಾಕುತ್ತದೆ. ಇಂಥ ಕಡೆ 15ರಿಂದ 120ರವರೆಗೆ ಏರಿಳಿಯುವ ಪಿಂಗ್‌ಗಿಂತ ಅಲುಗಾಡದೆ 40ರಲ್ಲಿ ನಿಂತ ಪಿಂಗ್ ಎಷ್ಟೋ ಮೇಲು. ಜಿಟ್ಟರ್ ಎಂದು ಕರೆಯುವ ಈ ಏರಿಳಿತವನ್ನು ತಗ್ಗಿಸುವುದೇ ಮನೆಯೊಳಗೆ ನಾವು ಮಾಡಬಹುದಾದ ಕೆಲಸ.

ಮೊದಲು ಅಳತೆ

ವಿಂಡೋಸ್ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ (ipconfig) ಆದೇಶ ಕೊಟ್ಟರೆ ‘ಡಿಫಾಲ್ಟ್ ಗೇಟ್‌ವೇ’ ಎಂಬ ಸಾಲಿನಲ್ಲಿ 192.168.1.1 ಅಥವಾ 192.168.0.1 ಎಂಬಂಥ ಒಂದು ವಿಳಾಸ ಕಾಣುತ್ತದೆ. ಅದು ನಿಮ್ಮ ರೂಟರ್‌ನ ವಿಳಾಸ. ‘ಪಿಂಗ್’ (ping) ಆದೇಶದ ಮುಂದೆ ಆ ವಿಳಾಸವನ್ನೂ, ಜಾಗ ಬಿಟ್ಟು ಒಂದು ಕಿರುಗೆರೆಯನ್ನೂ, ಅದಕ್ಕೆ ತಾಗಿದಂತೆ ಇಂಗ್ಲಿಷಿನ ಸಣ್ಣ ‘ಟಿ’ ಅಕ್ಷರವನ್ನೂ ಸೇರಿಸಿದರೆ, ನೀವು ಕಂಟ್ರೋಲ್ ಮತ್ತು ‘ಸಿ’ ಕೀಲಿಗಳನ್ನು ಒಟ್ಟಿಗೆ ಒತ್ತುವವರೆಗೆ ಅಳತೆ ನಡೆಯುತ್ತಲೇ ಇರುತ್ತದೆ. ಪಕ್ಕದಲ್ಲಿ ಇನ್ನೊಂದು ಕಿಟಕಿ ತೆರೆದು ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ವಿಳಾಸವಾದ 8.8.8.8ಕ್ಕೂ ಇದೇ ರೀತಿ ಪಿಂಗ್ ಹಚ್ಚಿಡಬೇಕು. ಒಂದು ಕಿಟಕಿ ಮನೆಯೊಳಗಿನ ತರಂಗದ ಸ್ಥಿತಿಯನ್ನು ತೋರಿಸಿದರೆ, ಇನ್ನೊಂದು ಅದರ ಜೊತೆಗೆ ಹೊರಗಿನ ಲೈನನ್ನೂ ಸೇರಿಸಿ ತೋರಿಸುತ್ತದೆ.

ಸಾಲುಗಳು ಒಂದೊಂದಾಗಿ ಉರುಳುವುದನ್ನು ಕೆಲವು ನಿಮಿಷ ತಾಳ್ಮೆಯಿಂದ ನೋಡಿ. ರೂಟರ್‌ನ ಕಿಟಕಿಯಲ್ಲಿ 2, 3, 2, 4, 3 ಎಂದು ಅಂಕಿಗಳು ಸಮನಾಗಿ ಬರುತ್ತಿದ್ದರೆ ನಿಮ್ಮ ವೈಫೈ ಆರೋಗ್ಯವಾಗಿದೆ. 3, 2, 4, 88, 140, 3, 2 ಎಂದು ನಡುನಡುವೆ ಎಗರುತ್ತಿದ್ದರೆ ತೊಂದರೆ ತರಂಗದಲ್ಲಿದೆ, ಇಂಟರ್‌ನೆಟ್ ಕಂಪನಿಗೆ ದೂರು ಕೊಟ್ಟು ಫಲವಿಲ್ಲ. ಕೆಲವು ರೂಟರ್‌ಗಳು ಪಿಂಗ್‌ಗೆ ಉತ್ತರಿಸುವುದನ್ನು ಕೊನೆಯ ಕೆಲಸವಾಗಿ ಇಟ್ಟುಕೊಳ್ಳುವುದರಿಂದ, ಎಲ್ಲೋ ಒಮ್ಮೆ ಬಂದ ದೊಡ್ಡ ಅಂಕಿಗೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಮತ್ತೆ ಮತ್ತೆ ಬರುತ್ತಿದೆಯೇ ಎಂಬುದೇ ಮುಖ್ಯ. ಇದಾದ ಮೇಲೆ ಅಳತೆಯನ್ನು ನಿಲ್ಲಿಸದೆ, ಇನ್ನೊಂದು ಸಾಧನದಿಂದ ದೊಡ್ಡ ವೀಡಿಯೊ ಕಡತವೊಂದನ್ನು ಅಪ್‌ಲೋಡ್ ಮಾಡಲು ಹಚ್ಚಿ. ರೂಟರ್‌ನ ಕಿಟಕಿ ಶಾಂತವಾಗಿಯೇ ಇದ್ದು ಹೊರಗಿನ ಕಿಟಕಿಯ ಅಂಕಿಗಳು ಮಾತ್ರ 20ರಿಂದ 300ಕ್ಕೆ ಏರಿ ಅಲ್ಲೇ ನಿಂತರೆ, ಅದು ಸರತಿಯ ತೊಂದರೆ. ಎರಡೂ ಕಿಟಕಿಗಳು ಎಲ್ಲ ಹೊತ್ತಿನಲ್ಲೂ ಸಮನಾಗಿದ್ದು ಆಟ ಮಾತ್ರ ತಡವರಿಸುತ್ತಿದ್ದರೆ ಕಾರಣ ಆಟದ ಸರ್ವರ್‌ನಲ್ಲೋ ಅಲ್ಲಿಗೆ ಹೋಗುವ ದಾರಿಯಲ್ಲೋ ಇದೆ. ಅಂಥ ಮನೆಗೆ ಗೇಮಿಂಗ್ ರೂಟರ್ ತಂದು ಪ್ರಯೋಜನವಿಲ್ಲ. ಅನುಮಾನ ಉಳಿದರೆ ಕಂಪ್ಯೂಟರನ್ನು ಕೇಬಲ್ ಮೂಲಕ ರೂಟರ್‌ಗೆ ನೇರವಾಗಿ ಜೋಡಿಸಿ ಅದೇ ಪರೀಕ್ಷೆಯನ್ನು ಮತ್ತೆ ಮಾಡಬಹುದು.

ಸರತಿಯನ್ನು ಹಿಡಿತಕ್ಕೆ ತರುವುದು

ನನ್ನ ಅಭಿಪ್ರಾಯದಲ್ಲಿ ಗೇಮಿಂಗ್ ರೂಟರ್‌ಗೆ ಕೊಡುವ ಹಣ ಸಾರ್ಥಕವಾಗುವುದು ಇಲ್ಲಿಯೇ. ಲೈನ್ ಸಾಗಿಸಬಲ್ಲದ್ದಕ್ಕಿಂತ ಹೆಚ್ಚು ಡೇಟಾ ಬಂದಾಗ, ಮನೆಯನ್ನು ಲೈನಿಗೆ ಜೋಡಿಸುವ ಪೆಟ್ಟಿಗೆಯಾದ ಮೋಡೆಮ್ ಅದನ್ನು ಬಿಸಾಡದೆ ಬಫರ್ ಎಂಬ ತನ್ನ ತಾತ್ಕಾಲಿಕ ಸಂಗ್ರಹದಲ್ಲಿ ಪೇರಿಸಿಟ್ಟುಕೊಳ್ಳುತ್ತದೆ. ಮೋಡೆಮ್‌ನಲ್ಲಿ 1 ಮೆಗಾಬೈಟ್ ಬಫರ್ ಇದ್ದು, ಅಪ್‌ಲೋಡ್ ವೇಗ 20 ಎಂಬಿಪಿಎಸ್ ಇದೆ ಎಂದುಕೊಳ್ಳಿ. ಬಫರ್ ತುಂಬಿದರೆ ಅದು ಖಾಲಿಯಾಗಲು 400 ಮಿಲಿಸೆಕೆಂಡು ಬೇಕು. ಮನೆಯ ಯಾರದೋ ಫೋನು ಆ ದಿನ ತೆಗೆದ ಫೋಟೊಗಳನ್ನು ಕ್ಲೌಡ್‌ಗೆ ಕಳುಹಿಸುತ್ತಿರುವಾಗ ನೀವು ಗುಂಡು ಹಾರಿಸಿದರೆ, ಆ ಚಿಕ್ಕ ಪ್ಯಾಕೆಟ್ ಫೋಟೊಗಳ ಆ ಇಡೀ ರಾಶಿಯ ಹಿಂದೆ ನಿಂತು ಕಾಯಬೇಕು. ಟಿಕೆಟ್ ಕೌಂಟರಿನಲ್ಲಿ ಮುಂದಿರುವಾತ ಇಡೀ ಮದುವೆ ದಿಬ್ಬಣಕ್ಕೆ ಟಿಕೆಟ್ ತೆಗೆಸುತ್ತಿರುವಾಗ, ಒಂದೇ ಟಿಕೆಟ್ ಬೇಕಾದವನು ಅವನ ಹಿಂದೆ ನಿಂತಂತೆ ಇದು. ಸ್ಪೀಡ್ ಟೆಸ್ಟ್ ಮಾಡಿದರೆ ಅಂಕಿಗಳೆಲ್ಲ ಚೆನ್ನಾಗಿಯೇ ಕಾಣುವುದರಿಂದ ಈ ತೊಂದರೆ ಬಹಳ ಮನೆಗಳಲ್ಲಿ ಗುರುತೇ ಸಿಗದೆ ಉಳಿದುಬಿಡುತ್ತದೆ.

ಬಫರ್‌ಬ್ಲೋಟ್ ಎಂಬ ಹೆಸರಿನಲ್ಲಿ ಈ ತೊಂದರೆಯನ್ನು 2010ರ ಸುಮಾರಿಗೆ ಎಲ್ಲರ ಗಮನಕ್ಕೆ ತಂದವರು ಕಂಪ್ಯೂಟರ್ ತಂತ್ರಜ್ಞ ಜಿಮ್ ಗೆಟ್ಟಿಸ್. ಸರತಿಯಲ್ಲಿ ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂಬುದನ್ನೇ ಅಳತೆಗೋಲಾಗಿಟ್ಟುಕೊಂಡು ಸರತಿಯನ್ನು ಚಿಕ್ಕದಾಗಿಡುವ ಕೋಡೆಲ್ ಎಂಬ ವಿಧಾನವನ್ನು ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಪ್ರಕಟಿಸಿದರು. ಪ್ರತಿ ಸಂಪರ್ಕಕ್ಕೂ ಬೇರೆ ಸರತಿ ಕೊಟ್ಟು, ಚಿಕ್ಕ ಹರಿವುಗಳಿಗೆ ಬೇಗ ದಾರಿ ಬಿಡುವ ಅದರ ಮುಂದುವರಿದ ರೂಪವಾದ ಎಫ್‌ಕ್ಯೂ-ಕೋಡೆಲ್ 2018ರಲ್ಲಿ ಆರ್‌ಎಫ್‌ಸಿ 8290 ಎಂಬ ಇಂಟರ್‌ನೆಟ್ ತಾಂತ್ರಿಕ ದಾಖಲೆಯಾಗಿ ಹೊರಬಂತು. ಓಪನ್‌ಡಬ್ಲ್ಯೂಆರ್‌ಟಿ ತಂತ್ರಾಂಶ ಬಳಸುವ ರೂಟರ್‌ಗಳಲ್ಲಿ ಇದು ಎಸ್‌ಕ್ಯೂಎಂ ಎಂಬ ಹೆಸರಿನಲ್ಲಿ ಸಿಗುತ್ತದೆ; ಗೇಮಿಂಗ್ ರೂಟರ್‌ಗಳಲ್ಲಿ ಸರತಿ ನಿರ್ವಹಣೆ ಸಾಮಾನ್ಯವಾಗಿ ಕ್ಯೂಒಎಸ್ ಎಂಬ ಪುಟದಲ್ಲಿ ಇರುತ್ತದೆ.

ಆ ಪುಟದಲ್ಲಿ ನಿಮ್ಮ ಲೈನಿನ ಡೌನ್‌ಲೋಡ್ ಮತ್ತು ಅಪ್‌ಲೋಡ್ ವೇಗವನ್ನು ತುಂಬಲು ಎರಡು ಜಾಗಗಳಿರುತ್ತವೆ. ಪ್ಲಾನಿನಲ್ಲಿ ಬರೆದಿರುವ ಅಂಕಿಯನ್ನು ಅಲ್ಲಿ ಹಾಕಬಾರದು. ಕಂಪ್ಯೂಟರನ್ನು ಕೇಬಲ್‌ನಲ್ಲಿ ಜೋಡಿಸಿ, ಬೆಳಗ್ಗೆ ಒಮ್ಮೆ, ದಟ್ಟಣೆಯ ಸಂಜೆಯಲ್ಲಿ ಒಮ್ಮೆ, ರಾತ್ರಿ ಒಮ್ಮೆ ವೇಗ ಅಳೆದು, ಬಂದವುಗಳಲ್ಲಿ ಕಡಿಮೆಯಾದುದನ್ನು ಆಧಾರವಾಗಿಟ್ಟುಕೊಂಡು, ಅದರ ಶೇ. 90ರಷ್ಟನ್ನು ತುಂಬಬೇಕು. ವೇಗದ ಹತ್ತನೆಯ ಒಂದು ಭಾಗವನ್ನು ಬಿಟ್ಟುಕೊಡಲು ಅನೇಕರಿಗೆ ಮನಸ್ಸು ಬರುವುದಿಲ್ಲ, ಆದರೆ ಇಡೀ ಉಪಾಯ ನಿಂತಿರುವುದೇ ಅದರ ಮೇಲೆ: ರೂಟರ್ ಲೈನಿಗಿಂತ ತುಸು ನಿಧಾನವಾಗಿ ಕಳುಹಿಸಿದಾಗ ಮಾತ್ರ ಸರತಿ ಬುದ್ಧಿವಂತ ರೂಟರ್‌ನಲ್ಲಿ ಬೆಳೆಯುತ್ತದೆ, ಇಲ್ಲದಿದ್ದರೆ ನಮ್ಮ ಹಿಡಿತಕ್ಕೆ ಸಿಗದ ಮೋಡೆಮ್‌ನಲ್ಲಿ ಬೆಳೆಯುತ್ತದೆ. ಬಳಿಕ ಅಪ್‌ಲೋಡ್ ಹಚ್ಚಿ ಪಿಂಗ್ ನೋಡುವ ಪರೀಕ್ಷೆಯನ್ನು ಮತ್ತೆ ಮಾಡಿ. ಅಂಕಿಗಳು ಇನ್ನೂ ಏರುತ್ತಿದ್ದರೆ ಶೇ. 85ಕ್ಕೆ ಇಳಿಸಿ, ಸಮನಾಗಿದ್ದರೆ ಶೇ. 95ರವರೆಗೆ ನಿಧಾನವಾಗಿ ಏರಿಸಿ ನೋಡಬಹುದು. ಮೊಬೈಲ್ ಸಿಗ್ನಲ್ ಆಧರಿಸಿದ ಮನೆ ಇಂಟರ್‌ನೆಟ್‌ನಲ್ಲಿ ವೇಗ ಗಳಿಗೆಗೊಂದು ತೆರನಾಗಿರುವುದರಿಂದ ಒಂದೇ ಅಂಕಿ ಎಲ್ಲ ಹೊತ್ತಿಗೂ ಹೊಂದುವುದಿಲ್ಲ. ಅಲ್ಲಿ ತೀರಾ ಕೆಳಗಿನ ಅಂಕಿಯನ್ನೇ ಹಾಕಿ ವೇಗವನ್ನು ಬಿಟ್ಟುಕೊಡಬೇಕಾಗುತ್ತದೆ.

ಇದಕ್ಕೆ ಒಂದು ಬೆಲೆಯೂ ಇದೆ. ಸರತಿ ನಿರ್ವಹಣೆಯನ್ನು ಚಾಲೂ ಮಾಡಿದಾಗ ಅನೇಕ ರೂಟರ್‌ಗಳಲ್ಲಿ ಹಾರ್ಡ್‌ವೇರ್ ವೇಗವರ್ಧನೆ ಆಫ್ ಆಗಿ, ಪ್ರತಿ ಪ್ಯಾಕೆಟ್ಟನ್ನೂ ಪ್ರೊಸೆಸರ್ ತಾನೇ ನೋಡಬೇಕಾಗುತ್ತದೆ. ಪ್ರೊಸೆಸರ್ ದುರ್ಬಲವಾಗಿದ್ದರೆ 500 ಎಂಬಿಪಿಎಸ್ ಲೈನು 200ಕ್ಕೆ ಕುಸಿಯುವುದೂ ಉಂಟು. ಅಂಥ ರೂಟರ್‌ನಲ್ಲಿ ಅಪ್‌ಲೋಡ್ ಬದಿಗೆ ಮಾತ್ರ ಮಿತಿ ಹಾಕಿದರೂ ತೊಂದರೆಯ ದೊಡ್ಡ ಪಾಲು ಕರಗುತ್ತದೆ. ಇನ್ನು ಆದ್ಯತೆಯ ಪಟ್ಟಿ. ಗೇಮ್ ಕನ್ಸೋಲಿಗೂ, ಟಿವಿಗೂ, ಲ್ಯಾಪ್‌ಟಾಪಿಗೂ, ಫೋನುಗಳಿಗೂ ‘ಅತಿ ಹೆಚ್ಚು’ ಎಂದು ಗುರುತು ಹಾಕಿದರೆ ಯಾವುದಕ್ಕೂ ಆದ್ಯತೆ ಕೊಟ್ಟಂತಾಗುವುದಿಲ್ಲ. ಆಟದ ಸಾಧನವೊಂದನ್ನೇ ಮೇಲಿಟ್ಟು ಉಳಿದವನ್ನು ಇದ್ದಲ್ಲೇ ಬಿಡಬೇಕು. ಸ್ಟೀಮ್‌ನಂಥ ತಂತ್ರಾಂಶಗಳಲ್ಲಿ ಅಪ್‌ಡೇಟ್‌ಗಳಿಗೆ ಹೊತ್ತನ್ನೂ ವೇಗದ ಮಿತಿಯನ್ನೂ ನಿಗದಿ ಮಾಡುವ ಅವಕಾಶವಿದ್ದು, ಬೆಳಗಿನ ಜಾವಕ್ಕೆ ಇಟ್ಟರೆ ಸಂಜೆಯ ಆಟದ ಹೊತ್ತಿನಲ್ಲಿ ಲೈನ್ ಬಿಡುವಾಗಿರುತ್ತದೆ.

ತರಂಗದ ಕೆಲಸ

ರೂಟರ್ ಕಂಡರೆ ಮನೆಯ ಅಂದ ಕೆಡುತ್ತದೆ ಎಂದು ಅದನ್ನು ಟಿವಿಯ ಹಿಂದೆ ಅಥವಾ ಕಪಾಟಿನೊಳಗೆ ಇಡುವುದನ್ನು ಎಲ್ಲೆಡೆ ಕಾಣುತ್ತೇವೆ. ಲೋಹ ತರಂಗವನ್ನು ತಡೆಯುತ್ತದೆ, ನೀರು ಹೀರಿಕೊಳ್ಳುತ್ತದೆ, ಕಾಂಕ್ರೀಟ್ ಗೋಡೆ ತೀರಾ ದುರ್ಬಲಗೊಳಿಸುತ್ತದೆ. ಆಟ ಆಡುವ ಕೋಣೆಗೆ ಆದಷ್ಟು ಕಡಿಮೆ ಗೋಡೆಗಳು ಅಡ್ಡ ಬರುವಂಥ ಜಾಗದಲ್ಲಿ, ಎದೆಮಟ್ಟಕ್ಕಿಂತ ಮೇಲೆ, ತೆರೆದ ಕಡೆ ರೂಟರ್ ಇರಬೇಕು. ನೆಟ್ಟಗೆ ನಿಂತ ಆಂಟೆನಾ ತನ್ನ ಸುತ್ತಲೂ ಅಡ್ಡಡ್ಡಲಾಗಿ ತರಂಗ ಹರಡುತ್ತದೆ, ತುದಿಯ ನೇರಕ್ಕೆ ಬಹಳ ಕಡಿಮೆ; ಆದ್ದರಿಂದ ಆಂಟೆನಾದ ಮೊನೆಯನ್ನು ಕನ್ಸೋಲಿನ ಕಡೆಗೆ ಗುರಿಯಿಟ್ಟಂತೆ ಬಾಗಿಸುವುದು ತಪ್ಪು.

2.4 ಗಿಗಾಹರ್ಟ್ಸ್ ತರಂಗ ಪಟ್ಟಿಯಲ್ಲಿ (ಬ್ಯಾಂಡ್) ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಮಾತ್ರ. ಮೈಕ್ರೋವೇವ್ ಒಲೆ, ಬ್ಲೂಟೂತ್, ಕೊನೆಗೆ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಕೂಡ ಅಲ್ಲೇ ಗದ್ದಲ ಮಾಡುತ್ತವೆ. ಆಟಕ್ಕೆ ಆ ಪಟ್ಟಿಯನ್ನು ಬಿಟ್ಟು 5 ಗಿಗಾಹರ್ಟ್ಸ್‌ಗೆ ಬರುವುದು ಒಳಿತು. ಎರಡೂ ಪಟ್ಟಿಗಳಿಗೆ ಒಂದೇ ಹೆಸರಿಟ್ಟು ರೂಟರ್‌ಗೇ ಆಯ್ಕೆ ಬಿಡುವ ಸೌಲಭ್ಯ ಫೋನುಗಳಿಗೆ ಚೆನ್ನಾಗಿದ್ದರೂ, ಆಟದ ನಡುವೆ ಸಾಧನ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಜಿಗಿದರೆ ಆ ಕ್ಷಣ ಸಂಪರ್ಕ ಕಡಿಯುತ್ತದೆ. ಹಾಗಾಗಿ 5 ಗಿಗಾಹರ್ಟ್ಸ್‌ಗೆ ಬೇರೆ ಹೆಸರು ಕೊಟ್ಟು ಕನ್ಸೋಲನ್ನು ಅದಕ್ಕೇ ಕಟ್ಟಿಹಾಕುವುದು ಲೇಸು.

5 ಗಿಗಾಹರ್ಟ್ಸ್‌ನಲ್ಲಿಯೂ ಎಲ್ಲ ಚಾನೆಲ್‌ಗಳು ಸಮನಲ್ಲ. 52ರಿಂದ 144ರವರೆಗಿನ ಚಾನೆಲ್‌ಗಳನ್ನು ಬಹುತೇಕ ದೇಶಗಳಲ್ಲಿ ರೇಡಾರ್‌ಗಳ ಜೊತೆ ಹಂಚಿಕೊಳ್ಳಬೇಕಾಗಿದ್ದು, ರೂಟರ್ ಅಲ್ಲಿ ಮಾತಾಡುವ ಮುನ್ನ ಕನಿಷ್ಠ 60 ಸೆಕೆಂಡು ಕಿವಿಗೊಟ್ಟು ಕೇಳಬೇಕು, ನಡುವೆ ರೇಡಾರ್ ಸುಳಿವು ಸಿಕ್ಕರೆ ಕೂಡಲೇ ಚಾನೆಲ್ ಬಿಟ್ಟೇಳಬೇಕು. ಎಲ್ಲ ಸರಿಯಿದ್ದರೂ ದಿನಕ್ಕೆ ಒಂದೆರಡು ಸಲ ವೈಫೈ ಇದ್ದಕ್ಕಿದ್ದಂತೆ ಮಾಯವಾಗುತ್ತದೆ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ ನಿಯಮ. ವಿಮಾನ ನಿಲ್ದಾಣದ ಅಥವಾ ಹವಾಮಾನ ರೇಡಾರ್‌ನ ಸಮೀಪದ ಮನೆಗಳು 36ರಿಂದ 48ರೊಳಗಿನ ಚಾನೆಲ್ಲನ್ನೋ, ನಿಮ್ಮ ದೇಶದಲ್ಲಿ ಅನುಮತಿ ಇದ್ದರೆ 149ರ ಮೇಲಿನದನ್ನೋ ಕೈಯಾರೆ ಆರಿಸಿಡಬೇಕು. ಚಾನೆಲ್‌ನ ಅಗಲ 80 ಮೆಗಾಹರ್ಟ್ಸ್ ಸಾಕು; ಗೋಡೆಗೆ ಗೋಡೆ ತಾಗಿದ ಅಪಾರ್ಟ್‌ಮೆಂಟಿನಲ್ಲಿ 40ಕ್ಕೆ ಇಳಿಸಿದರೆ ಗರಿಷ್ಠ ವೇಗ ತಗ್ಗಿದರೂ ಪಿಂಗ್ ಸ್ಥಿರವಾಗುತ್ತದೆ. 160 ಮೆಗಾಹರ್ಟ್ಸ್ ಎಂದರೆ ಸಾಮಾನ್ಯವಾಗಿ ರೇಡಾರ್ ಚಾನೆಲ್‌ಗಳನ್ನೂ ಒಳಗೆ ಸೇರಿಸಿಕೊಂಡ ಹಾಗೆಯೇ.

ಪಿಂಗ್ ಕಿಟಕಿಯಲ್ಲಿ ಗಡಿಯಾರ ಹಿಡಿದಂತೆ ಸರಿಯಾದ ಅಂತರಕ್ಕೊಮ್ಮೆ ಅಂಕಿ ಎಗರುತ್ತಿದ್ದರೆ ರೂಟರ್ ಮೇಲೆ ಅನುಮಾನ ಪಡಬೇಡಿ. ಲ್ಯಾಪ್‌ಟಾಪು ಅಕ್ಕಪಕ್ಕದ ವೈಫೈಗಳನ್ನು ಹುಡುಕಲು ತನ್ನ ಚಾನೆಲ್ ಬಿಟ್ಟು ಆಚೆ ಹೋಗಿಬರುವಾಗ ಹೀಗಾಗುತ್ತದೆ. ಲೊಕೇಶನ್ ಸೇವೆಯನ್ನೂ, ಆ್ಯಪಲ್ ಸಾಧನಗಳಲ್ಲಿ ಏರ್‌ಡ್ರಾಪನ್ನೂ ಆಫ್ ಮಾಡಿ ನೋಡಿದರೆ ಗೊತ್ತಾಗುತ್ತದೆ. ಮನೆಯ ದೂರದ ಮೂಲೆಯಲ್ಲಿರುವ ಹಳೆಯ ಫೋನೊಂದು ನಿಧಾನ ಗತಿಯಲ್ಲಿ ಮಾತಾಡುತ್ತಾ ತರಂಗದಲ್ಲಿ ಎಲ್ಲರ ಪಾಲಿನ ಹೊತ್ತನ್ನೂ ತಿನ್ನುವುದು ಇನ್ನೊಂದು ಕಾರಣ. ಅಂಥವನ್ನು 2.4ಕ್ಕೆ ಕಳುಹಿಸಿ, 5 ಗಿಗಾಹರ್ಟ್ಸನ್ನು ಆಟಕ್ಕೆ ತೆರವು ಮಾಡಿಕೊಡಬೇಕು.

ಆದರೂ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕೇಬಲ್ ಎಳೆಯಲು ಸಾಧ್ಯವಿರುವ ಮನೆಯಲ್ಲಿ, ಇಲ್ಲಿಯವರೆಗೆ ತರಂಗದ ಬಗ್ಗೆ ಹೇಳಿದ್ದೆಲ್ಲಕ್ಕಿಂತ ಒಂದು ಸಾಧಾರಣ ಕ್ಯಾಟ್5ಇ ಕೇಬಲ್ ಹೆಚ್ಚು ಕೆಲಸ ಮಾಡುತ್ತದೆ. ಅದು 100 ಮೀಟರ್‌ವರೆಗೆ 1 ಗಿಗಾಬಿಟ್ ವೇಗವನ್ನು ಅಲುಗಾಡದೆ ಸಾಗಿಸುತ್ತದೆ. ಮನೆಯಲ್ಲಿ ಹಲವು ವೈಫೈ ಘಟಕಗಳನ್ನಿಡುವ ಮೆಶ್ ವ್ಯವಸ್ಥೆ ಬಳಸುವವರು ಆ ಘಟಕಗಳ ನಡುವಿನ ಸಂಪರ್ಕವನ್ನಾದರೂ ಕೇಬಲ್‌ಗೆ ಬದಲಿಸಿಕೊಳ್ಳಬೇಕು, ಏಕೆಂದರೆ ತರಂಗದ ಮೇಲೆ ಹಾಯುವ ಪ್ರತಿ ಜಿಗಿತವೂ ವಿಳಂಬವನ್ನೂ ಏರಿಳಿತವನ್ನೂ ಹೆಚ್ಚಿಸುತ್ತದೆ.

ಗೆಳೆಯರ ಜೊತೆ ಸೇರಲಾಗದಿದ್ದಾಗ

ಪಿಂಗ್ ಚೆನ್ನಾಗಿದ್ದೂ ಗೆಳೆಯರ ಗುಂಪಿಗೆ ಸೇರಲು, ಅವರ ಧ್ವನಿ ಕೇಳಲು ಆಗದಿದ್ದರೆ ತೊಂದರೆ ಸಾಮಾನ್ಯವಾಗಿ ಎನ್‌ಎಟಿಯದು, ಅಂದರೆ ಮನೆಯ ಎಲ್ಲ ಸಾಧನಗಳನ್ನೂ ಒಂದೇ ಹೊರ ವಿಳಾಸದ ಹಿಂದೆ ಇಡುವ ವ್ಯವಸ್ಥೆಯದು. ಎಕ್ಸ್‌ಬಾಕ್ಸ್ ಇದನ್ನು ‘ಓಪನ್’, ‘ಮಾಡರೇಟ್’, ‘ಸ್ಟ್ರಿಕ್ಟ್’ ಎಂದೂ ಪ್ಲೇಸ್ಟೇಷನ್ ‘ಟೈಪ್ 1’, ‘2’, ‘3’ ಎಂದೂ ತೋರಿಸುತ್ತವೆ. ‘ಸ್ಟ್ರಿಕ್ಟ್’ ಅಥವಾ ‘3’ ಬಂದರೆ ಮಾತ್ರ ಚಿಂತಿಸಬೇಕು. ಅನೇಕ ಮನೆಗಳಲ್ಲಿ ಕಾರಣ, ಇಂಟರ್‌ನೆಟ್ ಕಂಪನಿ ಕೊಟ್ಟ ಪೆಟ್ಟಿಗೆಯೂ ನೀವು ಕೊಂಡ ರೂಟರೂ ಒಂದರ ಹಿಂದೊಂದು ರೂಟರ್‌ಗಳಾಗಿಯೇ ಕೆಲಸ ಮಾಡುತ್ತಿರುವುದು. ಮೊದಲಿನದನ್ನು, ರೂಟರ್ ಕೆಲಸ ಬಿಟ್ಟು ಡೇಟಾ ದಾಟಿಸುವುದನ್ನಷ್ಟೇ ಮಾಡುವ ಬ್ರಿಡ್ಜ್ ಮೋಡ್‌ಗೆ ಬದಲಿಸಿದರೆ ಸಾಕು. ಬಳಿಕ ಯುಪಿಎನ್‌ಪಿ ಚಾಲೂ ಮಾಡಬಹುದು. ಅದು ಮನೆಯ ಯಾವ ಸಾಧನಕ್ಕಾದರೂ ಕೇಳದೆಯೇ ಬಾಗಿಲು ತೆರೆಯಲು ಬಿಡುತ್ತದೆಂಬ ಆತಂಕವಿದ್ದವರು, ಕನ್ಸೋಲಿಗೆ ಸ್ಥಿರ ವಿಳಾಸ ಕೊಟ್ಟು ಆಟಕ್ಕೆ ಬೇಕಾದ ಪೋರ್ಟನ್ನು (ಸಂಖ್ಯೆಯಿಂದ ಗುರುತಿಸುವ ಬಾಗಿಲನ್ನು) ಮಾತ್ರ, ಎಕ್ಸ್‌ಬಾಕ್ಸ್ ಆದರೆ ಯುಡಿಪಿ 3074ನ್ನು, ತೆರೆದಿಡಬಹುದು. ರೂಟರ್‌ನ ಹೊರಬದಿಯ ವಿಳಾಸ 100.64ರಿಂದ 100.127ರೊಳಗಿನ ಅಂಕಿಗಳಿಂದ ಆರಂಭವಾಗುತ್ತಿದ್ದರೆ ಕಂಪನಿ ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದೆ ಎಂದರ್ಥ. ಆಗ ಪೋರ್ಟ್ ತೆರೆದು ಉಪಯೋಗವಿಲ್ಲ. ಸಾರ್ವಜನಿಕ ವಿಳಾಸವನ್ನೋ ಹೊಸ ಬಗೆಯ ವಿಳಾಸ ವ್ಯವಸ್ಥೆಯಾದ ಐಪಿವಿ6 ಸೌಲಭ್ಯವನ್ನೋ ಕೇಳಿ ಪಡೆಯಬೇಕು.

ಕೊಳ್ಳುವುದೇ ಆದರೆ

ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ಎಲ್ಲ ಪಟ್ಟಿಗಳ ವೇಗದ ಮೊತ್ತ. ಎಎಕ್ಸ್5400 ಎಂದರೆ 2.4ರಲ್ಲಿ 574, 5 ಗಿಗಾಹರ್ಟ್ಸ್‌ನಲ್ಲಿ 4804 ಎಂಬಿಪಿಎಸ್ ಕೂಡಿಸಿ ದುಂಡಾಗಿಸಿದ ಅಂಕಿ. ಎರಡು ಆಂಟೆನಾಗಳಿರುವ ಸಾಧನವೊಂದು 80 ಮೆಗಾಹರ್ಟ್ಸ್ ಅಗಲದಲ್ಲಿ ಜೋಡಣೆಯಾದಾಗ ಅದಕ್ಕೆ ಸಿಗುವ ಸೈದ್ಧಾಂತಿಕ ವೇಗ 1201 ಮಾತ್ರ. ನಿಮ್ಮ ಸಾಧನ ಯಾವ ಪೀಳಿಗೆಯದು ಎಂಬುದನ್ನೂ ನೋಡಬೇಕು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಬೆಂಬಲಿಸುವುದು ವೈಫೈ 5ನ್ನು, ಪ್ಲೇಸ್ಟೇಷನ್ 5 ಬೆಂಬಲಿಸುವುದು ವೈಫೈ 6ನ್ನು. 2024ರ ಜನವರಿಯಲ್ಲಿ ಪ್ರಮಾಣೀಕರಣ ಆರಂಭವಾದ ವೈಫೈ 7ರ ಹಲವು ಪಟ್ಟಿಗಳನ್ನು ಒಟ್ಟಿಗೆ ಬಳಸುವ ಸೌಲಭ್ಯ ಎರಡೂ ತುದಿಗಳಲ್ಲಿ ಇದ್ದರಷ್ಟೇ ಕೆಲಸ ಮಾಡುವುದರಿಂದ, ಈ ಕನ್ಸೋಲುಗಳಿಗಾಗಿ ಅದನ್ನು ಕೊಂಡು ಲಾಭವಿಲ್ಲ. 6 ಗಿಗಾಹರ್ಟ್ಸ್ ಪಟ್ಟಿ ನೆರೆಮನೆಗಳ ಗದ್ದಲದಿಂದ ಹೆಚ್ಚುಕಡಿಮೆ ಮುಕ್ತವಾಗಿದ್ದು ಆಟಕ್ಕೆ ಬಹಳ ಚೆನ್ನಾಗಿದೆ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ರೂಟರೂ ಆಡುವವರೂ ಒಂದೇ ಕೋಣೆಯಲ್ಲಿದ್ದರೆ ಮಾತ್ರ ಅದರ ಪೂರ್ತಿ ಫಲ ಸಿಗುತ್ತದೆ. ಬಣ್ಣದ ದೀಪಗಳನ್ನೂ ಆಂಟೆನಾಗಳ ಎಣಿಕೆಯನ್ನೂ ಬದಿಗಿಟ್ಟು, ಸರತಿ ನಿರ್ವಹಣೆ ಚಾಲೂ ಇರುವಾಗ ನಿಮ್ಮ ಲೈನಿನ ಪೂರ್ಣ ವೇಗವನ್ನು ಆ ರೂಟರ್‌ನ ಪ್ರೊಸೆಸರ್ ತಾಳಿಕೊಳ್ಳುತ್ತದೆಯೇ, ಫರ್ಮ್‌ವೇರ್ (ರೂಟರ್‌ನೊಳಗಿನ ತಂತ್ರಾಂಶ) ಅಪ್‌ಡೇಟ್‌ಗಳು ಎಷ್ಟು ವರ್ಷ ಬರುತ್ತವೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿದರೆ ಆಯ್ಕೆ ಬಹುಮಟ್ಟಿಗೆ ಮುಗಿದಂತೆ.

ರೂಟರ್ ಬಂದ ದಿನ ಎಲ್ಲ ಸೆಟ್ಟಿಂಗ್‌ಗಳನ್ನೂ ಒಟ್ಟಿಗೆ ಬದಲಿಸಬೇಡಿ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಫರ್ಮ್‌ವೇರ್ ಹೊಸದಾಗಿಸಿ, ಡಬ್ಲ್ಯೂಪಿಎ3 ಅಥವಾ ಹಳೆಯ ಸಾಧನಗಳಿದ್ದರೆ ಡಬ್ಲ್ಯೂಪಿಎ2 ಭದ್ರತೆ ಹಾಕಿ. ಆಮೇಲೆ ಸರತಿ, ಆಮೇಲೆ ಚಾನೆಲ್ ಎಂದು ಒಂದೊಂದನ್ನೇ ಮುಟ್ಟಿ, ಪ್ರತಿ ಸಲವೂ ಆ ಎರಡು ಪಿಂಗ್ ಕಿಟಕಿಗಳನ್ನು ತೆರೆದು ನೋಡಿ. ಸರಿಹೊಂದಿದ ಸ್ಥಿತಿಯನ್ನು ರೂಟರ್‌ನ ಬ್ಯಾಕಪ್ ಪುಟದಿಂದ ಕಡತವಾಗಿ ಉಳಿಸಿಟ್ಟುಕೊಳ್ಳಿ. ಫರ್ಮ್‌ವೇರ್ ಅಪ್‌ಡೇಟ್ ಆದ ಮೇಲೆ ಕೆಲವೊಮ್ಮೆ ಕ್ಯೂಒಎಸ್ ಪುಟದ ಅಂಕಿಗಳು ಅಳಿಸಿಹೋಗುವುದರಿಂದಲೂ, ಪ್ಲಾನ್ ಬದಲಿಸಿದಾಗ ಹಳೆಯ ಅಂಕಿ ಹೊಸ ವೇಗಕ್ಕೆ ಅಡ್ಡಗಾಲಾಗುವುದರಿಂದಲೂ, ಈ ಎರಡು ಸಂದರ್ಭಗಳಲ್ಲಿ ಆ ಪುಟವನ್ನು ಮತ್ತೆ ತೆರೆದು ನೋಡುವುದನ್ನು ಮರೆಯಬೇಡಿ.